ಊರಿನವರಿಗೂ ಅತಿಥಿಗಳಿಗೂ ಒಂದೇ ನಗರ: ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್

ಬೆಂಗಳೂರಿನಿಂದ ಮೈಸೂರಿಗೆ ಹೊರಟವರು ನಗರವನ್ನು ಬಿಡುವುದು ಕೆಂಗೇರಿಯಲ್ಲಿ. 1882ರಲ್ಲಿ ಮೈಸೂರು ಮುಟ್ಟಿದ ರೈಲು ಹಳಿ ಈ ಊರಿನ ಮೂಲಕವೇ ಸಾಗುತ್ತದೆ. 2021ರಲ್ಲಿ ಮೆಟ್ರೊ ರೈಲು ಇಲ್ಲಿಗೆ ಬಂತು. 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ 118 ಕಿಲೋಮೀಟರ್ ಉದ್ದದ ದಶಪಥ ಹೆದ್ದಾರಿಗೂ ಇದೇ ಹೆಬ್ಬಾಗಿಲು. ವಾರಾಂತ್ಯ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಿಂದ ಹೊರಟ ಕಾರುಗಳು ಇಲ್ಲಿ ಸಾಲುಗಟ್ಟುತ್ತವೆ. ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ಎಂಬ ಪ್ರವಾಸದ ಪಟ್ಟಿ ಮೂರು ತಲೆಮಾರುಗಳಿಂದ ಹೆಚ್ಚು ಬದಲಾಗಿಲ್ಲ.

ಆ ಪಟ್ಟಿಗೆ ಬೃಂದಾವನವನ್ನು ಸೇರಿಸಿದವರು, ಪಟ್ಟಿಯ ಊರು ನೋಡುವಂತಿರಬೇಕೆಂದು ಹದಿನೈದು ವರ್ಷ ದುಡಿದವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. ಊರಿನವರಿಗೆ ಒಂದು ನಗರ, ಹೊರಗಿನಿಂದ ಬಂದವರಿಗೆ ಇನ್ನೊಂದು ನಗರ ಎಂಬ ವಿಂಗಡಣೆಯನ್ನು ಅವರ ಆಡಳಿತ ಒಪ್ಪಲಿಲ್ಲ. ಪಾರಂಪರಿಕ ನಗರಗಳು ಪ್ರವಾಸಿಗರ ದಟ್ಟಣೆಗೂ ಜೀರ್ಣಗೊಳ್ಳುತ್ತಿರುವ ಕಟ್ಟಡಗಳಿಗೂ ನಡುವೆ ಸಿಕ್ಕಿಕೊಂಡಿರುವ ಈ ಕಾಲದಲ್ಲಿ ಅವರ ಬದುಕು ಮತ್ತೆ ನೆನಪಿಗೆ ಬರುತ್ತದೆ. ಆ ಬದುಕಿನಲ್ಲಿ ಮಾದರಿಯೂ ಇದೆ, ಎಚ್ಚರಿಕೆಯೂ ಇದೆ.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾ ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್ ನಗರದವರು. ಕುದುರೆಗಳನ್ನು ಮಾರಲೆಂದು 1824ರಲ್ಲಿ ಬೆಂಗಳೂರಿಗೆ ಬಂದ ಅವರು ಇಲ್ಲಿಯೇ ನೆಲೆ ನಿಂತರು. ಕಮಿಷನರ್ ಮಾರ್ಕ್ ಕಬ್ಬನ್ ಅವರ ವಿಶ್ವಾಸ ಗಳಿಸಿ ದಂಡು ಪ್ರದೇಶದಲ್ಲಿ ಹಲವಾರು ಬಂಗಲೆಗಳನ್ನು ಕಟ್ಟಿಸಿದರು. ಅಲಿ ಅಸ್ಕರ್ ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮಗ ಆಗಾ ಜಾನ್ ಮೈಸೂರು ಮಹಾರಾಜರ ಸೇವೆಗೆ ಸೇರಿದರು. ಆಗಾ ಜಾನ್ ಅವರ ಮಗನಾಗಿ ಮಿರ್ಜಾ ಇಸ್ಮಾಯಿಲ್ ಬೆಂಗಳೂರಿನಲ್ಲಿ 1883ರ ಅಕ್ಟೋಬರ್ 24ರಂದು ಜನಿಸಿದರು.

ಬಾಲಕ ಮಿರ್ಜಾ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ್ದು ಅರಮನೆಯ ಶಾಲೆ. ಮುಂದೆ ನಾಲ್ವಡಿ ಎಂದು ಹೆಸರಾದ ಯುವರಾಜ ಕೃಷ್ಣರಾಜ ಒಡೆಯರ ಜೊತೆಗೆ ಓದಲು ಆಯ್ಕೆಯಾದ ಕೆಲವೇ ಹುಡುಗರಲ್ಲಿ ಅವರೂ ಒಬ್ಬರು. ಅಲ್ಲಿ ಹುಟ್ಟಿದ ಸ್ನೇಹ ನಾಲ್ಕು ದಶಕಗಳ ಕಾಲ ಬಾಳಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ 1905ರಲ್ಲಿ ಪದವಿ ಪಡೆದ ಮಿರ್ಜಾ ಮೊದಲು ಸೇರಿದ್ದು ಸಂಸ್ಥಾನದ ಪೊಲೀಸ್ ಇಲಾಖೆಗೆ. ಕೆಲವೇ ವರ್ಷಗಳಲ್ಲಿ ಮಹಾರಾಜರ ಕಚೇರಿಗೆ ಬಂದರು. 1923ರಲ್ಲಿ ಆಪ್ತ ಕಾರ್ಯದರ್ಶಿಯಾದರು. 1926ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಸಂಸ್ಥಾನದ ದಿವಾನರಾದರು.

ಪೂರ್ಣಯ್ಯ, ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ ಮೊದಲಾದವರು ಕುಳಿತಿದ್ದ ಪೀಠವದು. ಅಣೆಕಟ್ಟು, ರೈಲು, ವಿದ್ಯುತ್ತು, ವಿಶ್ವವಿದ್ಯಾಲಯಗಳಿಗೆ ಆಗಲೇ ಬುನಾದಿ ಬಿದ್ದಿತ್ತು. ಮಿರ್ಜಾ ಆ ಸಾಲನ್ನು ಮುಂದುವರಿಸಿದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಬೆಳಗೊಳದ ರಸಗೊಬ್ಬರ ಕಾರ್ಖಾನೆ, ಬೆಂಗಳೂರಿನ ಮೈಸೂರು ಲ್ಯಾಂಪ್ಸ್ ಅವರ ಅವಧಿಯಲ್ಲಿ ಹುಟ್ಟಿದವು. 1940ರ ಕೊನೆಯಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾದುದಕ್ಕೂ ಅವರ ಬೆಂಬಲವಿತ್ತು. ಆದರೆ ಹಿಂದಿನ ದಿವಾನರಿಗಿಂತ ಅವರನ್ನು ಬೇರೆಯಾಗಿ ನಿಲ್ಲಿಸುವುದು ಈ ಕಾರ್ಖಾನೆಗಳಲ್ಲ. ಅದು ಬೀದಿಗಳ ಬಗ್ಗೆ ಅವರಿಗಿದ್ದ ಕಾಳಜಿ.

ನಸುಕಿನ ಸುತ್ತಾಟ

ದಿವಾನರು ಬೆಳಗಿನ ಹೊತ್ತು ನಗರ ಸುತ್ತಿ ಬರುತ್ತಿದ್ದರೆಂಬುದು ಹಳೆಯ ಮೈಸೂರಿನಲ್ಲಿ ಮನೆಮಾತು. ಕಟ್ಟಿಕೊಂಡ ಚರಂಡಿ, ಉರಿಯದ ದೀಪ, ರಸ್ತೆಗೆ ಚಾಚಿಕೊಂಡ ಅಂಗಡಿ, ಒಣಗಿದ ಸಾಲುಮರ, ಯಾವುದೂ ಅವರ ಕಣ್ಣಿಗೆ ಸಣ್ಣದಾಗಿರಲಿಲ್ಲ. ನಗರಸಭೆಯ ಅಧಿಕಾರಿಗಳಿಗೆ ಆ ಸುತ್ತಾಟವೆಂದರೆ ಭಯ. ಮಹಾರಾಜರ ನಂತರದ ಅಧಿಕಾರಸ್ಥಾನದಲ್ಲಿದ್ದವರು ಇಂಥ ವಿವರಗಳಿಗೆ ಇಳಿಯುವುದು ಹಲವರಿಗೆ ವಿಚಿತ್ರವಾಗಿಯೂ ಕಂಡಿತು.

ಅದರ ಹಿಂದೆ ಒಂದು ಲೆಕ್ಕಾಚಾರವಿತ್ತು. ಸೌಂದರ್ಯವು ಸಿರಿವಂತರ ಹವ್ಯಾಸವಲ್ಲ, ಸಾರ್ವಜನಿಕ ಆರೋಗ್ಯದಂತೆಯೇ ಆಡಳಿತದ ಹೊಣೆ ಎಂದು ಮಿರ್ಜಾ ಭಾವಿಸಿದ್ದರು. ಊರಿನ ಜನ ನಿತ್ಯ ನಡೆಯುವ ರಸ್ತೆ ನೆಟ್ಟಗಿದ್ದರೆ ದಸರಾ ನೋಡಲು ಬಂದವರಿಗೂ ಅದು ಚೆನ್ನಾಗಿಯೇ ಕಾಣುತ್ತದೆ. ಅತಿಥಿಗಳು ಬರುವ ವಾರಕ್ಕೆಂದು ಮಾತ್ರ ಸುಣ್ಣ ಬಳಿದರೆ ಮುಂದಿನ ವಾರ ಅದು ಉದುರುತ್ತದೆ. ಮೈಸೂರಿನ ಉದ್ಯಾನ, ವೃತ್ತ, ಅಗಲವಾದ ಹಾದಿಗಳನ್ನು ಅವರು ಬೆಳೆಸಿದ್ದು ಈ ತಿಳಿವಳಿಕೆಯಿಂದ. 1903ರಲ್ಲೇ ಆರಂಭವಾಗಿದ್ದ ಮೈಸೂರಿನ ನಗರಾಭಿವೃದ್ಧಿ ಕಾರ್ಯಕ್ಕೆ ಅವರ ಕಾಲದಲ್ಲಿ ಹೊಸ ಹುರುಪು ಬಂತು.

ತಾವು ಹುಟ್ಟಿದ ಬೆಂಗಳೂರಿನಲ್ಲೂ ಅವರ ಗುರುತುಗಳಿವೆ. ಸರ್ ಪುಟ್ಟಣ್ಣಚೆಟ್ಟಿ ಪುರಭವನಕ್ಕೆ 1933ರಲ್ಲಿ ಶಂಕುಸ್ಥಾಪನೆಯಾಗಿ 1935ರಲ್ಲಿ ಬಾಗಿಲು ತೆರೆಯಿತು. ವಾಣಿವಿಲಾಸ ಆಸ್ಪತ್ರೆ ಅದೇ ವರ್ಷದ್ದು. ನಗರದ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ದಿಕ್ಕಿನಲ್ಲಿ, ಅರ್ಕಾವತಿ ಮತ್ತು ಕುಮುದ್ವತಿ ನದಿಗಳು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಜಲಾಶಯ 1933ರಲ್ಲಿ ಸಿದ್ಧವಾಯಿತು. ಕಾವೇರಿ ನೀರು ಬರುವವರೆಗೆ ಬೆಂಗಳೂರಿನ ಬಾಯಾರಿಕೆಯನ್ನು ತಣಿಸಿದ ಮುಖ್ಯ ಆಸರೆಗಳಲ್ಲಿ ಅದೂ ಒಂದು. ನೀರು ತುಂಬಿದ ಆ ಕೆರೆಯಂಚು ಪಶ್ಚಿಮ ಬೆಂಗಳೂರಿನ ಕುಟುಂಬಗಳಿಗೆ ಬುತ್ತಿ ಕಟ್ಟಿಕೊಂಡು ಹೋಗುವ ತಾಣವೂ ಆಗಿತ್ತು.

ನಾಜಿಗಳ ಜರ್ಮನಿಯನ್ನು ತೊರೆದು ಬಂದ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಸಂಸ್ಥಾನದ ಸೇವೆಗೆ ಸೇರಿದರು. ಅಲಂಕಾರವನ್ನು ಕಳಚಿ ಗಾಳಿ, ಬೆಳಕು, ಉಪಯೋಗಗಳಿಗೆ ಮೊದಲ ಮಣೆ ಹಾಕುವ ಹೊಸ ಶೈಲಿ ಅವರದು. ದಿವಾನರ ಒಲವು ಕಮಾನು, ಗುಮ್ಮಟ, ಕಂಬಸಾಲುಗಳ ಕಡೆಗೆ. ಇಬ್ಬರ ಅಭಿರುಚಿ ಹೊಂದುತ್ತಿರಲಿಲ್ಲ. ಹಳೆಯ ನಗರದಲ್ಲಿ ಹೊಸ ಕಟ್ಟಡ ತನ್ನ ಕಾಲವನ್ನು ತೋರಬೇಕೆ, ಅಕ್ಕಪಕ್ಕದ ಕಟ್ಟಡಗಳಿಗೆ ಹೊಂದಿಕೊಳ್ಳಬೇಕೆ ಎಂಬ ಇಂದಿನ ಚರ್ಚೆ ಆಗಲೇ ಮೈಸೂರು ಸಂಸ್ಥಾನದ ನಕ್ಷೆಗಳ ಮೇಲೆ ನಡೆದಿತ್ತು.

ಅಣೆಕಟ್ಟಿನ ಬುಡದಲ್ಲಿ ಹೂದೋಟ

ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ ಮಿರ್ಜಾ ಅವರ ಅವಧಿಯಲ್ಲಿ ಪೂರ್ಣಗೊಂಡಿತು. ಅಣೆಕಟ್ಟು ಮುಗಿಯುವ ಹೊತ್ತಿಗೆ ಅದರ ಬುಡದಲ್ಲಿ ಉಳಿಯುವುದು ಸಾಮಾನ್ಯವಾಗಿ ಕಲ್ಲು, ಮಣ್ಣು, ಗುಂಡಿಗಳ ಬಯಲು. ಆ ಬಯಲಿನಲ್ಲಿ ಕಾಶ್ಮೀರದ ಶಾಲಿಮಾರ್ ತೋಟವನ್ನು ನೆನಪಿಸುವ ಉದ್ಯಾನ ಮಾಡಬಹುದೆಂಬ ಯೋಚನೆ ದಿವಾನರದು. 1927ರಲ್ಲಿ ಕೆಲಸ ಆರಂಭವಾಗಿ 1932ರಲ್ಲಿ ಮುಗಿಯಿತು. ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಜರ್ಮನ್ ಮೂಲದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಜ್ಞಾನ ಅದರ ವಿನ್ಯಾಸಕ್ಕೆ ದೊರೆಯಿತು.

ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೆಲ, ನಡುವೆ ಹರಿಯುವ ನೀರು, ಇಕ್ಕೆಲಗಳಲ್ಲಿ ಹೂಪಾತಿ, ಸಂಜೆಯಾದೊಡನೆ ಬಣ್ಣಬಣ್ಣದ ವಿದ್ಯುದ್ದೀಪಗಳಲ್ಲಿ ಚಿಮ್ಮುವ ಕಾರಂಜಿ. ಹಳ್ಳಿಗಳ ಮನೆಗಳಲ್ಲಿ ಬುಡ್ಡಿದೀಪವೇ ಉರಿಯುತ್ತಿದ್ದ ಕಾಲದಲ್ಲಿ ಅದು ಕಂಡವರಿಗೆ ಮರೆಯಲಾಗದ ನೋಟವಾಗಿತ್ತು. ಪಕ್ಕದಲ್ಲಿ ಹೋಟೆಲೊಂದು ತಲೆ ಎತ್ತಿತು. ಮುಂದಿನ ದಶಕಗಳಲ್ಲಿ ದೇಶದ ನಾನಾ ಭಾಷೆಗಳ ಚಲನಚಿತ್ರಗಳು ಅಲ್ಲಿ ಚಿತ್ರೀಕರಣಗೊಂಡವು. ಶಾಲಾ ಮಕ್ಕಳ ಪ್ರವಾಸವೆಂದರೆ ಬೃಂದಾವನ ಎಂಬಂತಾಯಿತು.

ಈ ಉದ್ಯಾನದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರವಾಸಿಗರನ್ನು ಸೆಳೆಯಲು ಮಿರ್ಜಾ ಯಾವ ಹಳೆಯ ಸ್ಮಾರಕದ ಅಂಗಳವನ್ನೂ ಅಗೆಯಲಿಲ್ಲ. ಮೈಸೂರಿನ ಕೋಟೆಯೊಳಗೆ, ಬೆಟ್ಟದ ದೇಗುಲದ ಬಳಿ, ಶ್ರೀರಂಗಪಟ್ಟಣದ ಸಮಾಧಿಗಳ ಪಕ್ಕ ಹೊಸ ಆಕರ್ಷಣೆಯನ್ನು ತುರುಕುವ ಬದಲು ಬಳಕೆಗೆ ಬಾರದ ನೆಲವೊಂದಕ್ಕೆ ಬೆಲೆ ತಂದರು. ಜನಸಂದಣಿ ಹಂಚಿಹೋಯಿತು. ಹಳೆಯ ಊರಿನ ಮೇಲಿನ ಒತ್ತಡ ಹೆಚ್ಚದೆ ನೋಡಬೇಕಾದ ಸ್ಥಳ ಒಂದು ಹೆಚ್ಚಾಯಿತು.

ಆಕ್ಷೇಪಗಳ ಪಾಲು

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಕಾರಂಜಿಗೆ ದೀಪ ಹಾಕಿದ ಅವಧಿಯೇ ಜಾಗತಿಕ ಆರ್ಥಿಕ ಕುಸಿತದ ಅವಧಿ. ಕೃಷಿ ಉತ್ಪನ್ನಗಳ ಬೆಲೆ ನೆಲ ಕಚ್ಚಿತ್ತು. ಕೃಷ್ಣರಾಜಸಾಗರದಿಂದ ಹರಿದ ಇರ್ವಿನ್ ನಾಲೆಯ ವಂತಿಗೆಯ ವಿರುದ್ಧ ಮಂಡ್ಯ ಸೀಮೆಯ ರೈತರು 1930ರ ದಶಕದ ಆರಂಭದಲ್ಲಿ ಚಳವಳಿ ಹೂಡಿದರು. ರೈತನ ಕೈ ಬರಿದಾಗಿರುವಾಗ ಉದ್ಯಾನ, ದೀಪ, ವೃತ್ತಗಳಿಗೆ ಹಣ ಸುರಿಯುವುದು ಸರಿಯೇ ಎಂಬ ಪ್ರಶ್ನೆ ದಿವಾನರನ್ನು ಬೆನ್ನಟ್ಟಿತು. ಗ್ರಾಮಗಳಿಗೆ ವಿದ್ಯುತ್ ಒಯ್ಯುವ ಕಾರ್ಯಕ್ರಮ, ಕೈಗಾರಿಕೆಗಳಿಂದ ಹುಟ್ಟಿದ ಉದ್ಯೋಗಗಳು ಅದಕ್ಕೆ ಭಾಗಶಃ ಉತ್ತರವಾಗಿದ್ದವು. ಪೂರ್ಣ ಉತ್ತರ ಯಾರಿಗೂ ಸಿಗಲಿಲ್ಲ.

ಇನ್ನೂ ಆಳದ ಆಕ್ಷೇಪ ಅಧಿಕಾರದ ಸ್ವರೂಪದ್ದು. ರಸ್ತೆ ಯಾವುದು, ಮರ ಯಾವುದು, ಅಂಗಡಿ ಎಲ್ಲಿರಬೇಕು ಎಂಬುದನ್ನು ದಿವಾನರ ಒಂದು ಮಾತು ನಿರ್ಧರಿಸುತ್ತಿತ್ತು. ಪ್ರಜಾಪ್ರತಿನಿಧಿ ಸಭೆ ಇತ್ತು, ನ್ಯಾಯವಿಧಾಯಕ ಸಭೆ ಇತ್ತು, ಆದರೆ ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೆ ಮಾತ್ರ. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯಲ್ಲಿದ್ದ ಗಣಪತಿ ವಿಗ್ರಹದ ವಿಚಾರವಾಗಿ ಗಲಭೆ ಎದ್ದಾಗ ಅವರು ತೀವ್ರ ಟೀಕೆಗೆ ಗುರಿಯಾದರು. ವಿಚಾರಣಾ ಸಮಿತಿಗೆ ವಿಶ್ವೇಶ್ವರಯ್ಯನವರೇ ಅಧ್ಯಕ್ಷರಾದರು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ಕಳೆದುಕೊಂಡರು. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದು ಮಾತುಕತೆ ನಡೆಸಿದ ನಂತರ ರಾಷ್ಟ್ರಧ್ವಜ ಹಾರಿಸಲು ಅನುಮತಿ ದೊರೆಯಿತು. ಅಂದದ ನಗರಗಳನ್ನು ಕಟ್ಟಿದ ಆಡಳಿತದ ಲೆಕ್ಕಪುಸ್ತಕದಲ್ಲಿ ಈ ಪುಟವೂ ಇದೆ.

1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದರು. ಜಯಚಾಮರಾಜ ಒಡೆಯರ ಆಳ್ವಿಕೆಯ ಮೊದಲ ವರ್ಷದಲ್ಲೇ, 1941ರಲ್ಲಿ, ಮಿರ್ಜಾ ದಿವಾನಗಿರಿಗೆ ರಾಜೀನಾಮೆ ನೀಡಿದರು.

ಜೈಪುರದ ಬಜಾರುಗಳಲ್ಲಿ

ಹಳೆಯ ನಗರವನ್ನು ಕೆಡಿಸದೆ ಹೊಸ ಕಾಲಕ್ಕೆ ಒಗ್ಗಿಸುವ ದೊಡ್ಡ ಪರೀಕ್ಷೆ ಅವರಿಗೆ ಎದುರಾದದ್ದು ಕರ್ನಾಟಕದ ಹೊರಗೆ. ಮಹಾರಾಜ ಎರಡನೆಯ ಸವಾಯಿ ಮಾನ್ ಸಿಂಗ್ ಅವರ ಆಹ್ವಾನದ ಮೇರೆಗೆ 1942ರಲ್ಲಿ ಅವರು ಜೈಪುರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಸವಾಯಿ ಜೈಸಿಂಗ್ 1727ರಲ್ಲಿ ನಕ್ಷೆ ಹಾಕಿಸಿ ಕಟ್ಟಿಸಿದ ನಗರವದು. ಮೈಸೂರಿನಲ್ಲಿ ಹೊಸದನ್ನು ಕಟ್ಟಲು ಸ್ಥಳವಿತ್ತು. ಜೈಪುರದಲ್ಲಿ ಗೋಡೆಯೊಳಗಿನ ಇಡೀ ಊರೇ ಸ್ಮಾರಕ, ಅದರೊಳಗೆ ವ್ಯಾಪಾರ, ವಾಸ, ಹಬ್ಬ ಎಲ್ಲವೂ ನಡೆಯುತ್ತಿತ್ತು.

ಅಲ್ಲಿ ಅವರು ಎರಡು ದಿಕ್ಕಿನಿಂದ ಕೆಲಸ ಮಾಡಿದರು. ಗೋಡೆಯೊಳಗಿನ ಮುಖ್ಯ ಬಜಾರುಗಳಲ್ಲಿ ಒತ್ತುವರಿ ತೆರವುಗೊಳಿಸಿ, ಅಂಗಡಿಗಳ ಮುಂದೆ ಉದ್ದಕ್ಕೂ ಕಂಬಸಾಲಿನ ಪಡಸಾಲೆಗಳನ್ನು ಕಟ್ಟಿಸಿದರು. ಬಿಸಿಲಿನ ನಾಡಿನಲ್ಲಿ ಗಿರಾಕಿಗೆ ನೆರಳು, ನಡೆಯುವವನಿಗೆ ಹಾದಿ, ಬೀದಿಗೆ ಒಂದೇ ಮುಖಚರ್ಯೆ ದೊರೆಯಿತು. ಗೋಡೆಯ ಹೊರಗೆ ಹೊಸ ಬಡಾವಣೆಗಳನ್ನೂ ಅಗಲವಾದ ರಸ್ತೆಯನ್ನೂ ಯೋಜಿಸಿದರು. ಬೆಳೆಯುವ ಜನಸಂಖ್ಯೆ, ಕಚೇರಿ, ವಾಹನಗಳು ಆ ಕಡೆಗೆ ಹರಿದುದರಿಂದ ಹಳೆಯ ಊರಿನ ಭಾರ ಸ್ವಲ್ಪ ಇಳಿಯಿತು. ಆ ರಸ್ತೆ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ. ಜೈಪುರದವರ ಬಾಯಲ್ಲಿ ಅದು ಎಂ.ಐ. ರೋಡ್. ಹೆಸರಿನ ಮೂಲ ಬೆಂಗಳೂರಿನವರೊಬ್ಬರದೆಂದು ಅಲ್ಲಿಗೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. 1945ರಲ್ಲಿ ಅದೇ ನಗರದಲ್ಲಿ ಅಖಿಲ ಭಾರತ ಲೇಖಕರ ಪೆನ್ ಸಮ್ಮೇಳನ ನಡೆದಾಗ ಇಂಗ್ಲಿಷ್ ಕಾದಂಬರಿಕಾರ ಇ.ಎಂ. ಫಾರ್ಸ್ಟರ್ ಅತಿಥಿಗಳಲ್ಲಿ ಒಬ್ಬರಾಗಿದ್ದರು. ಮಿರ್ಜಾ ಆತಿಥೇಯರು.

2019ರಲ್ಲಿ ಯುನೆಸ್ಕೊ ಜೈಪುರದ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಗೌರವದ ಮೂಲ ಶ್ರೇಯ ಹದಿನೆಂಟನೆಯ ಶತಮಾನದ ನಿರ್ಮಾತೃಗಳದು. ಆದರೆ ನಡುವೆ ಬಂದ ಆಡಳಿತಗಾರನೊಬ್ಬ ಬಜಾರನ್ನು ಕೆಡವಿ ಅಗಲಗೊಳಿಸಿದ್ದರೆ ಪಟ್ಟಿಗೆ ಸೇರಿಸಲು ಉಳಿಯುತ್ತಿದ್ದುದು ಅಲ್ಪ. ಅಂದಹಾಗೆ, ಮಿರ್ಜಾ ಕಟ್ಟಿಸಿದ ಪಡಸಾಲೆಗಳೂ ಕಾಲಾಂತರದಲ್ಲಿ ಒತ್ತುವರಿಗೆ ಸಿಕ್ಕು, 2000ರ ಆಸುಪಾಸಿನಲ್ಲಿ ಅವನ್ನು ಮತ್ತೆ ತೆರವುಗೊಳಿಸಬೇಕಾಯಿತು. ಕಾಪಾಡುವ ಕೆಲಸಕ್ಕೆ ಮುಕ್ತಾಯ ಸಮಾರಂಭವಿಲ್ಲ.

1946ರ ಆಗಸ್ಟಿನಲ್ಲಿ ಹೈದರಾಬಾದಿನ ನಿಜಾಮರ ದಿವಾನರಾದ ಮಿರ್ಜಾ ಅಲ್ಲಿ ಒಂದು ವರ್ಷವೂ ನಿಲ್ಲಲಿಲ್ಲ. ಉಗ್ರ ಕೋಮುವಾದಿ ಶಕ್ತಿಗಳ ವಿರೋಧ ಎದುರಿಸಿ 1947ರ ಮೇ ತಿಂಗಳಲ್ಲಿ ಹೊರಬಂದರು. 1954ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಉಳಿದದ್ದು, ಕುಸಿದದ್ದು

ಮಿರ್ಜಾ ಅವರ ಮೈಸೂರು ಅವರಿಲ್ಲದೆ ಹೇಗಿದೆ ಎಂಬುದಕ್ಕೆ ಎರಡು ದಿನಗಳು ಸಾಕ್ಷಿ. 2012ರ ಆಗಸ್ಟಿನಲ್ಲಿ, 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಕುಸಿಯಿತು. ಎರಡೂ ಅರಮನೆಗೆ ಕೂಗಳತೆಯ ದೂರದಲ್ಲಿವೆ. ದುರಸ್ತಿ ಮಾಡಬೇಕೆ, ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೆ ಎಂಬ ವಾದ ವರ್ಷಗಟ್ಟಲೆ ನಡೆದು ಮಾರುಕಟ್ಟೆಯ ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ಅರಮನೆಯ ದೀಪಾಲಂಕಾರಕ್ಕೆ ಕೊರತೆಯಾಗಲಿಲ್ಲ. ಹೂವು, ಹಣ್ಣು, ವೀಳ್ಯದೆಲೆ ಮಾರುವವರ ತಲೆಯ ಮೇಲಿನ ಸೂರು ಮಾತ್ರ ಯಾರ ಪಾಲಿನ ಪರಂಪರೆಯೂ ಆಗಲಿಲ್ಲ.

ಬೃಂದಾವನದ ಸರದಿಯೂ ಬಂದಿದೆ. ಉದ್ಯಾನವನ್ನು ಖಾಸಗಿ ಸಹಭಾಗಿತ್ವದಲ್ಲಿ ವಿಶ್ವದರ್ಜೆಯ ಮನರಂಜನಾ ತಾಣವನ್ನಾಗಿ ಮಾಡುವ, ಸುಮಾರು 2,600 ಕೋಟಿ ರೂಪಾಯಿ ವೆಚ್ಚದ ಯೋಜನೆಗೆ ರಾಜ್ಯ ಸರ್ಕಾರ 2024ರಲ್ಲಿ ಒಪ್ಪಿಗೆ ನೀಡಿತು. ಅಣೆಕಟ್ಟಿನ ಸುರಕ್ಷತೆಯನ್ನು ಮುಂದೊಡ್ಡಿ ರೈತ ಸಂಘಟನೆಗಳು ವಿರೋಧಿಸಿದವು. ಉದ್ಯೋಗ ಮತ್ತು ಆದಾಯದ ಲೆಕ್ಕವನ್ನು ಸರ್ಕಾರ ಮುಂದಿಟ್ಟಿತು. ಎರಡು ವಾದಗಳಲ್ಲೂ ಹುರುಳಿದೆ. ಆದರೆ ಸುಮಾರು ಒಂದು ಶತಮಾನದ ಹಿಂದೆ ಅಲ್ಲಿ ಪಾಲಿಸಿದ ಅಳತೆ ನೆನಪಿನಲ್ಲಿರಬೇಕು. ಆಗ ಅಣೆಕಟ್ಟು ಮೊದಲು, ತೋಟ ಆಮೇಲೆ. ನೀರು ಹಾಯುವ ಜಮೀನಿನ ಹಿತಕ್ಕೆಂದು ಕಟ್ಟಿದ ಅಣೆಕಟ್ಟಿನ ನೆರಳಿನಲ್ಲಿ ತೋಟ ಬೆಳೆಯಿತು.

ಪಶ್ಚಿಮದ ಬಡಾವಣೆಗಳಿಗೆ

ಮಿರ್ಜಾ ದಿವಾನಗಿರಿ ಬಿಟ್ಟ ಎಂಟು ವರ್ಷಗಳ ನಂತರ, 1949ರಲ್ಲಿ, ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಆರಂಭವಾಯಿತು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆಗಳ ಹೊಲಗಳ ಮೇಲೆ ಒಂದೊಂದಾಗಿ ಬಡಾವಣೆಗಳು ಎದ್ದವು. ಒಂದಕ್ಕೆ ವಿಜಯನಗರವೆಂದೂ ಅದರ ಪಕ್ಕದ್ದಕ್ಕೆ ಹಂಪಿನಗರವೆಂದೂ ಹೆಸರಿಟ್ಟ ನಗರ, ಆ ಹಳ್ಳಿಗಳ ಸ್ವಂತ ಗುಡಿ, ಕಟ್ಟೆ, ಕಲ್ಯಾಣಿಗಳನ್ನು ಗಮನಿಸಲಿಲ್ಲ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಾಲಯ ವ್ಯಾಸರಾಯರ ಪ್ರತಿಷ್ಠೆಯೆಂಬ ನಂಬಿಕೆ ಜನರಲ್ಲಿದೆ. ಅದರ ಬಳಿ ಹರಿಯುವ ವೃಷಭಾವತಿ ಕೆಂಗೇರಿ ತಲಪುವ ಹೊತ್ತಿಗೆ ಹೆಸರಿಗೆ ಮಾತ್ರ ನದಿ. ಚಾಮರಾಜಸಾಗರದ ನೀರೂ ಮಲಿನಗೊಂಡು 2012ರ ಹೊತ್ತಿಗೆ ನಗರಕ್ಕೆ ಪೂರೈಕೆ ನಿಂತುಹೋಯಿತು. ಪುನಶ್ಚೇತನಕ್ಕೆ ಮತ್ತೆ ಕೋಟಿಗಳನ್ನು ತೆರಬೇಕಾಯಿತು.

1997ರಲ್ಲಿ ಉದ್ಘಾಟನೆಯಾದ ರಾಜಾಜಿನಗರದ ಇಸ್ಕಾನ್ ದೇಗುಲಕ್ಕೆ ಹೊರರಾಜ್ಯಗಳ ಬಸ್ಸುಗಳು ಬರುತ್ತವೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಹಳೆಯ ಗ್ರಾಮಠಾಣಗಳಲ್ಲಿ ಗುಡಿಯ ಗೋಡೆಗೆ ಒತ್ತಿಕೊಂಡು ಮಳಿಗೆ ಏಳುತ್ತದೆ. ಪ್ರವಾಸಿಗರು ಬಾರದ ಇಂಥ ಸ್ಥಳಗಳನ್ನು ಯಾವ ಪ್ರವಾಸೋದ್ಯಮ ನಿಧಿಯೂ ಕಾಯದು. ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ ಕೇಂದ್ರದ ಕಾನೂನಿದೆ. ರಾಜ್ಯಕ್ಕೆ 1961ರ ಪ್ರಾಚ್ಯ ಸ್ಮಾರಕಗಳ ಕಾನೂನಿದೆ. ಯಾವ ಪಟ್ಟಿಗೂ ಸೇರದ ಬೀದಿ, ಕಟ್ಟೆ, ಮಾರುಕಟ್ಟೆಗಳಿಗೆ ಇರುವ ರಕ್ಷಣೆ ಸುತ್ತಲಿನ ಜನರ ಕಣ್ಣು ಮತ್ತು ವಾರ್ಡ್ ಮಟ್ಟದ ಆಡಳಿತದ ಕೈ ಮಾತ್ರ.

ಮಿರ್ಜಾ ಅವರ ಕಾಲದಲ್ಲಿ ಆ ಕಣ್ಣು ದಿವಾನರೊಬ್ಬರದಾಗಿತ್ತು. ಅದರಿಂದ ಕೆಲಸ ಬೇಗ ಆಯಿತು, ಆದರೆ ದಿವಾನರು ಹೋದೊಡನೆ ಕಣ್ಣೂ ಮುಚ್ಚಿತು. ಪ್ರಜಾಪ್ರಭುತ್ವದಲ್ಲಿ ಒಬ್ಬರ ಮಾತಿಗೆ ಅಷ್ಟು ಅಧಿಕಾರ ಇರಬಾರದು, ಇಲ್ಲ. ಆದ್ದರಿಂದಲೇ ಉರಿಯದ ದೀಪ, ಬಿರುಕು ಬಿಟ್ಟ ಕಮಾನು, ಒತ್ತುವರಿಯಾದ ಕಲ್ಯಾಣಿಗಳನ್ನು ಗುರುತಿಸಿ ಕೇಳುವ ಹೊಣೆ ಅಲ್ಲಿ ವಾಸಿಸುವವರ ಪಾಲಿಗೆ ಬಂದಿದೆ. ಶನಿವಾರ ಬೆಳಿಗ್ಗೆ ಕೆಂಗೇರಿ ದಾಟಿ ಮೈಸೂರು ನೋಡಲು ಹೋಗುವವರು ಉಳಿದ ಆರು ದಿನ ವಾಸಿಸುವುದು ಅಂಥದೇ ಹಳೆಯ ಊರುಗಳ ಮೇಲೆ.